ಕಾಲಿಗೂ ಗರಿ ತೊಟ್ಟ ಕೋಳಿ

ಅಂಗಳದಲ್ಲಿ ಓಡಾಡುವ ನಾಟಿ ಕೋಳಿಯ ಕಾಲನ್ನು ಎಲ್ಲರೂ ನೋಡಿರುತ್ತಾರೆ. ಮೈತುಂಬ ಪುಕ್ಕವಿದ್ದರೂ ಕಾಲಿನ ಕೆಳಭಾಗ ಮಾತ್ರ ಬೋಳು. ಅಲ್ಲಿರುವುದು ಹಾವಿನ ಮೈಯಂಥ ಹುರುಪೆ, ಗಟ್ಟಿ ಬೆರಳು, ಚೂಪಾದ ಉಗುರು. ತಿಪ್ಪೆ ಕೆದರಿ ಹುಳ ಹೆಕ್ಕುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಸಲಕರಣೆ ಬೇಕಿಲ್ಲ.

ಆದರೆ ನೆದರ್ಲೆಂಡ್ಸ್ ದೇಶದ ಹಿತ್ತಿಲುಗಳಲ್ಲಿ ಕಾಲಿಗೂ ಗರಿ ತೊಟ್ಟ ಪುಟ್ಟ ಕೋಳಿಯೊಂದಿದೆ. ಅಲ್ಲಿಯವರು ಇದನ್ನು ಸಾಬೆಲ್‌ಪೋಟ್ ಎನ್ನುತ್ತಾರೆ. ಬಾಗುಗತ್ತಿಯಂಥ ಕಾಲಿನದು ಎಂದರ್ಥ. ಕಾಲಿನ ಗಂಟಿನಿಂದ ಹಿಂದಕ್ಕೆ, ಕೆಳಮುಖವಾಗಿ ಚಾಚಿಕೊಂಡ ಬಿರುಸಾದ ಗರಿಗಳಿಂದ ಈ ಹೆಸರು ಬಂದಿದೆ. ಇಂಗ್ಲಿಷಿನವರಿಗೆ ಇದು ಬೂಟೆಡ್ ಬಾಂಟಮ್, ಅಂದರೆ ಬೂಟು ಹಾಕಿಕೊಂಡ ಪುಟ್ಟ ಕೋಳಿ. ಬಾಂಟಮ್ ಎಂಬ ಮಾತು ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂದದ್ದು. ಅಲ್ಲಿನ ಚಿಕ್ಕ ಕೋಳಿಗಳನ್ನು ಕಂಡ ಯುರೋಪಿನ ನಾವಿಕರು ಊರಿನ ಹೆಸರನ್ನೇ ಕೋಳಿಗೂ ಇಟ್ಟರು.

ಸಾಬೆಲ್‌ಪೋಟ್ ಹುಂಜ ಕೂಡ ಒಂದು ಕಿಲೋ ತೂಗುವುದಿಲ್ಲ. ಮೊಟ್ಟೆ ಸಣ್ಣದು, ಸಂತೆಗೆ ಒಯ್ಯಲು ತಕ್ಕುದಲ್ಲ. ಇದನ್ನು ಸಾಕುವುದು ಅಂದಕ್ಕೆ ಮತ್ತು ಸಾಧು ಸ್ವಭಾವಕ್ಕೆ. ಇದರ ಬಣ್ಣಗಳಲ್ಲಿ ಹೆಸರಾದುದು 'ಮಿಲ್ ಫ್ಲರ್'. ಫ್ರೆಂಚ್ ಭಾಷೆಯಲ್ಲಿ ಸಾವಿರ ಹೂ ಎಂದರ್ಥ. ಕೆಂಪುಕಂದು ಗರಿಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ, ಅದರ ಕೊನೆಗೆ ಬಿಳಿಯ ಬೊಟ್ಟು. ಚಿಕ್ಕಂದಿನಿಂದ ಕೈಯಲ್ಲಿ ಕಾಳು ತಿಂದು ಬೆಳೆದ ಹೇಂಟೆ ಮಕ್ಕಳ ತೊಡೆಯ ಮೇಲೆ ಕುಳಿತು ಕಣ್ಣು ಮುಚ್ಚುತ್ತದೆ. ಕಾಲಿನ ಗರಿ ಅಡ್ಡ ಬರುವುದರಿಂದ ಉಳಿದ ಕೋಳಿಗಳಷ್ಟು ನೆಲ ಕೆದರುವುದಿಲ್ಲ. ಹೂದೋಟದ ಯಜಮಾನಿಗೂ ಸಮಾಧಾನ!

ಹುರುಪೆ ಇರಬೇಕಾದ ಜಾಗಕ್ಕೆ ಗರಿ ಬಂದದ್ದು ಹೇಗೆ? ಹುರುಪೆ, ಗರಿ ಎರಡೂ ಚರ್ಮದಿಂದಲೇ ಹುಟ್ಟುವಂಥವು. ಮೊಟ್ಟೆಯೊಳಗಿನ ಮರಿಯಲ್ಲಿ ಅಂಗಗಳು ರೂಪುಗೊಳ್ಳುವಾಗ ಇಬ್ಬರು ಮೇಸ್ತ್ರಿಗಳು ದುಡಿಯುತ್ತಾರೆ ಎಂದು ಭಾವಿಸಿ. ಪಿಟ್‌ಎಕ್ಸ್-1 ಎಂಬ ಜೀನ್ ಕಾಲಿನ ಮೇಸ್ತ್ರಿ. ಟಿಬಿಎಕ್ಸ್-5 ಎಂಬುದು ರೆಕ್ಕೆಯ ಮೇಸ್ತ್ರಿ. ಗರಿಗಾಲಿನ ಹಕ್ಕಿಗಳಲ್ಲಿ ಕಾಲಿನ ಮೇಸ್ತ್ರಿಯ ಅಧಿಕಾರ ತುಸು ಕುಗ್ಗಿ, ರೆಕ್ಕೆಯ ಮೇಸ್ತ್ರಿ ಕಾಲಿನಲ್ಲೂ ಕೈಯಾಡಿಸುತ್ತಾನೆ. ಹಾಗಾಗಿ ಕಾಲಿಗೆ ರೆಕ್ಕೆಯ ಗುಣ ಸ್ವಲ್ಪ ಅಂಟಿಕೊಳ್ಳುತ್ತದೆ. ಪಾರಿವಾಳಗಳಲ್ಲಿ ಇದನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತೋರಿಸಿಕೊಟ್ಟರು. ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದವರು ಗರಿಗಾಲಿನ ಕೋಳಿಗಳನ್ನು ಬೋಳುಗಾಲಿನವುಗಳ ಜೊತೆ ಹೋಲಿಸಿ 2020ರಲ್ಲಿ ವರದಿ ಪ್ರಕಟಿಸಿದರು. ಪಿಟ್‌ಎಕ್ಸ್-1ರ ಬಳಿ ಸುಮಾರು 17 ಸಾವಿರ ಅಕ್ಷರಗಳಷ್ಟು ಡಿಎನ್‌ಎ ತುಣುಕು ಕಾಣೆಯಾಗಿರುವುದು ಅವರಿಗೆ ಕಂಡುಬಂತು. ಕೋಳಿ, ಪಾರಿವಾಳ ಎರಡೂ ಬೇರೆಬೇರೆಯಾಗಿ ಒಂದೇ ದಾರಿ ಹಿಡಿದಿದ್ದವು.

ಪ್ರಕೃತಿಯಲ್ಲಿಯೂ ಗರಿಗಾಲಿನ ಹಕ್ಕಿಗಳಿವೆ. ಉತ್ತರದ ಹಿಮಪ್ರದೇಶದ ಟಾರ್ಮಿಗನ್ ಹಕ್ಕಿಗೆ ಬೆರಳ ತುದಿಯವರೆಗೂ ಪುಕ್ಕ. ಚಳಿ ತಡೆಯಲು, ಹಿಮದಲ್ಲಿ ಹೂತುಹೋಗದೆ ನಡೆಯಲು ಅದಕ್ಕೆ ಇದು ಬೇಕು. ಸಾಬೆಲ್‌ಪೋಟ್‌ಗೆ ಇಂಥ ಅಗತ್ಯವೇನೂ ಇಲ್ಲ. ನೋಡಲು ಚೆಂದವೆಂದು ಮನುಷ್ಯರೇ ಗರಿ ಹೆಚ್ಚಿರುವ ಹುಂಜ, ಹೇಂಟೆಗಳನ್ನು ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದರು. ಟಾರ್ಮಿಗನ್ ತನ್ನ ಕಾಲನ್ನು ತಾನೇ ನೋಡಿಕೊಳ್ಳುತ್ತದೆ. ಮನುಷ್ಯ ಆರಿಸಿದ ಕಾಲನ್ನು ಮನುಷ್ಯನೇ ನೋಡಿಕೊಳ್ಳಬೇಕು.

ಇದಕ್ಕಾಗಿ ಸಾಕುವವರ ಮನೆಯಲ್ಲಿ ದಿನವೂ ಸ್ವಲ್ಪ ಕೆಲಸ ಇದ್ದೇ ಇದೆ. ಗೂಡಿನ ನೆಲ ಸದಾ ಒಣಗಿರಬೇಕು. ಮರಳೋ ಮರದ ಹೊಟ್ಟೋ ಹಾಸಿ, ಒದ್ದೆಯಾದಾಗ ಬದಲಿಸಬೇಕು. ಕೆಸರಿಗಿಳಿದರೆ ಮಣ್ಣು, ಹಿಕ್ಕೆ ಗರಿಗೆ ಮೆತ್ತಿ ಬೆರಳ ಸುತ್ತ ಉಂಡೆಯಾಗಿ ಒಣಗುತ್ತದೆ. ಅದನ್ನು ಕಿತ್ತರೆ ಗರಿಯೂ ಚರ್ಮವೂ ಜೊತೆಗೆ ಬಂದಾವು. ಉಗುರು ಬೆಚ್ಚನೆಯ ನೀರಿನಲ್ಲಿ ನೆನೆಸಿ, ಬಿಡಿಸಿ, ಪೂರ್ತಿ ಒಣಗಿಸಿಯೇ ಹೊರಗೆ ಬಿಡಬೇಕು. ಹೊಸದಾಗಿ ಮೂಡುವ ಗರಿಯ ಬುಡದಲ್ಲಿ ರಕ್ತ ಹರಿಯುತ್ತಿರುತ್ತದೆ. ಅದು ಮುರಿದರೆ ನೋವು, ನೆತ್ತರು ಎರಡೂ ತಪ್ಪಿದ್ದಲ್ಲ. ಹುರುಪೆಯಡಿಯಲ್ಲಿ ಕೊರೆದು ಮನೆಮಾಡುವ ನುಸಿಯೂ ಉಂಟು. ಬೋಳುಗಾಲಿನಲ್ಲಿ ಹುರುಪೆ ಎದ್ದರೆ ಕೂಡಲೇ ಕಾಣುತ್ತದೆ. ಗರಿಗಾಲಿನಲ್ಲಿ ಅದು ಮರೆಯಲ್ಲೇ ಬೆಳೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆಯಾದರೂ ಗರಿ ಸರಿಸಿ ನೋಡಬೇಕು, ಸಂಶಯ ಬಂದರೆ ಪಶುವೈದ್ಯರಿಗೆ ತೋರಿಸಬೇಕು. ಕೋಳಿ ಮುಟ್ಟಿದ ಮಕ್ಕಳು ಸೋಪಿನಿಂದ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಆರೋಗ್ಯವಾಗಿರುವ ಕೋಳಿಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ತಂದೆತಾಯಿಗಳು ಮೊದಲೇ ಯೋಚಿಸಬೇಕಾದದ್ದು ಇನ್ನೂ ಇದೆ. ಕೋಳಿ ಹಿಂಡಿನಲ್ಲಿ ಬಾಳುವ ಜೀವಿ. ಒಂದನ್ನೇ ತಂದು ಸಾಕುವುದು ಅದಕ್ಕೆ ಸೆರೆವಾಸ. ಮೊಟ್ಟೆ ಕಾವಿಗಿಟ್ಟರೆ ಹೆಚ್ಚುಕಡಿಮೆ ಮೂರು ವಾರದಲ್ಲಿ ಮರಿಗಳು ಹೊರಬರುತ್ತವೆ. ಕಾಲಿನ ಮೇಲೆ ಆಗಲೇ ತುಪ್ಪುಳವಿರುತ್ತದೆ, ನೋಡಲು ಎಷ್ಟು ಚೆಂದ! ಆದರೆ ಅವುಗಳಲ್ಲಿ ಸರಿಸುಮಾರು ಅರ್ಧ ಹುಂಜಗಳು. ನಾಲ್ಕು ಹುಂಜಗಳು ಬೆಳಗಿನ ಜಾವ ಒಟ್ಟಿಗೆ ಕೂಗಿದರೆ ನೆರೆಯವರು ಸುಮ್ಮನಿದ್ದಾರೆಯೆ? ಆ ಹುಂಜಗಳ ಗತಿಯೇನು ಎಂಬುದಕ್ಕೆ ಉತ್ತರವಿಲ್ಲದೆ ಕಾವಿಗಿಡುವುದು ಸರಿಯಲ್ಲ. ಚೆನ್ನಾಗಿ ನೋಡಿಕೊಂಡ ಹೇಂಟೆ ಏಳೆಂಟು ವರ್ಷ ಬದುಕಬಲ್ಲದು. ಐದನೇ ತರಗತಿಯಲ್ಲಿ ಹಟ ಹಿಡಿದು ತರಿಸಿಕೊಂಡ ಹುಡುಗ ಕಾಲೇಜಿಗೆ ಕಾಲಿಡುವಾಗಲೂ, ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆ ಅವನ ದಾರಿ ಕಾಯುತ್ತಿರಬಹುದು. ಆಗ ಗರಿ ತೊಳೆಯುವ ಸರದಿ ಅಮ್ಮನದಾಗಬಾರದು.

ಬಣ್ಣದ ಚಿತ್ರ ನೋಡಿ ಇಂಥ ಕೋಳಿ ಬೇಕೆಂದು ಮಕ್ಕಳು ಕೇಳಿದರೆ ಗದರಿಸಬೇಕಾಗಿಲ್ಲ. ಜೋರು ಮಳೆ ಬಂದ ಮರುದಿನ ಅವರನ್ನು ಕರೆದುಕೊಂಡು ಹೋಗಿ ಹಿತ್ತಿಲಿನ ನೆಲ ತೋರಿಸಿದರೆ ಸಾಕು. ಅಲ್ಲಿ ಒಣಜಾಗ ಎಲ್ಲಿದೆ, ದಿನಾ ಅದನ್ನು ಒಣಗಿಸಿಡುವವರು ಯಾರು ಎಂಬ ಎರಡು ಪ್ರಶ್ನೆಗಳಿಗೆ ಮಕ್ಕಳೇ ಉತ್ತರ ಹೇಳಲಿ.