‘ದೆಮ್‌ಸೆಲ್ಫ್’ ಮತ್ತು ‘ತಾನು’: ಸರ್ವನಾಮದ ಆಯ್ಕೆಯ ಕೆಲವು ಇಕ್ಕಟ್ಟುಗಳು

ಹೆಣ್ಣು, ಗಂಡು ಎಂಬ ಎರಡು ನೆಲೆಗಳಲ್ಲಿ ಯಾವುದನ್ನೂ ತನ್ನದೆಂದು ಒಪ್ಪದ ಒಬ್ಬರ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಬರೆಯುವಾಗ ‘ಹೀ’, ‘ಶೀ’ಗಳನ್ನು ಬಿಟ್ಟು ‘ದೇ’ ಎಂದು ಬಳಸುವುದು ಈಗ ಬಹುಮಟ್ಟಿಗೆ ರೂಢಿಗೆ ಬಂದಿದೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿಕೊಂಡು, ಅದೇ ಪದವನ್ನು ವರ್ಷದ ಪದವೆಂದೂ ಆರಿಸಿತು. ತೊಡಕು ಎದುರಾಗುವುದು ಆಮೇಲೆ. ಆ ವ್ಯಕ್ತಿ ತನ್ನನ್ನು ತಾನು ಏನೆಂದು ಗುರುತಿಸಿಕೊಂಡರು ಎಂದು ಹೇಳುವ ವಾಕ್ಯದಲ್ಲಿ ಇರಬೇಕಾದದ್ದು ‘ದೆಮ್‌ಸೆಲ್ವ್ಸ್’ ಎಂಬ ರೂಪವೋ, ‘ದೆಮ್‌ಸೆಲ್ಫ್’ ಎಂಬುದೋ?

ಮೊದಲನೆಯದು ಶಾಲೆಯ ವ್ಯಾಕರಣ ಕಲಿಸಿದ ರೂಪ. ಎರಡನೆಯದನ್ನು ಕಂಡೊಡನೆ ಕರಡು ತಿದ್ದುವವರ ಲೇಖನಿ ತಾನಾಗಿ ಮೇಲೇಳುತ್ತದೆ. ವ್ಯತ್ಯಾಸ ಒಂದೆರಡು ಅಕ್ಷರಗಳದ್ದಾದರೂ ಬಹುವಚನದ ರೂಪ ಬಂದೊಡನೆ ಒಬ್ಬರ ಮಾತು ಗುಂಪಿನ ಮಾತಾಗಿ ಕೇಳಿಸತೊಡಗುತ್ತದೆ. ಸದಾ ಸಮುದಾಯವೊಂದರ ಮಾದರಿಯಾಗಿಯೇ ದಾಖಲಾಗಿ, ಬಿಡಿ ವ್ಯಕ್ತಿಯಾಗಿ ಕಾಣಿಸಿಕೊಳ್ಳುವ ಅವಕಾಶವೇ ಇಲ್ಲದವರ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

‘ದೆಮ್‌ಸೆಲ್ಫ್’ ಹೊಸ ಸೃಷ್ಟಿಯೇನೂ ಅಲ್ಲ. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಬಳಕೆಯಲ್ಲಿದ್ದ ಈ ರೂಪವನ್ನು 16ನೆಯ ಶತಮಾನದಲ್ಲಿ ‘ದೆಮ್‌ಸೆಲ್ವ್ಸ್’ ಬದಿಗೆ ಸರಿಸಿತು. ಒಬ್ಬರಿಗೆ ‘ದೇ’ ಎನ್ನುವ ಬಳಕೆಯೂ 14ನೆಯ ಶತಮಾನದಿಂದಲೇ ಸಿಗುತ್ತದೆ. ‘ಯೂ’ ಎಂಬ ಪದದ ಚರಿತ್ರೆ ಇನ್ನೂ ಸ್ಪಷ್ಟ. ಮೂಲತಃ ಬಹುವಚನವಾಗಿದ್ದ ಅದು ಒಬ್ಬರಿಗೂ ಸಲ್ಲತೊಡಗಿದಾಗ ಕ್ರಿಯಾಪದ ಹಳೆಯ ‘ಆರ್’ ಆಗಿಯೇ ಉಳಿಯಿತು. ಆದರೆ ಒಬ್ಬರಿಗೆ ‘ಯುವರ್‌ಸೆಲ್ಫ್’, ಹಲವರಿಗೆ ‘ಯುವರ್‌ಸೆಲ್ವ್ಸ್’ ಎಂಬ ಭೇದ ನೆಲೆಗೊಂಡಿತು. ಇದನ್ನು ಒಪ್ಪಿದ ವ್ಯಾಕರಣಕ್ಕೆ ‘ದೆಮ್‌ಸೆಲ್ಫ್’ ಅನ್ನು ನಿರಾಕರಿಸಲು ಉಳಿಯುವುದು ಅಭ್ಯಾಸಬಲವೊಂದೇ. ಪುಲ್ಲಿಂಗ ಪದಗಳಲ್ಲಿ ಸ್ತ್ರೀಯರೂ ಸೇರುತ್ತಾರೆಂದು ಬ್ರಿಟಿಷ್ ಸಂಸತ್ತು 1850ರಲ್ಲಿ ಕಾಯಿದೆಯನ್ನೇ ಮಾಡಿತು. ಭಾರತದ 1897ರ ಸಾಮಾನ್ಯ ಖಂಡಗಳ ಅಧಿನಿಯಮದಲ್ಲೂ ಅದೇ ನಿಯಮವಿದೆ. ‘ಅವನ’ ಒಳಗೆ ‘ಅವಳು’ ಅಡಗಬಹುದೆಂದು ಒಪ್ಪಿದವರಿಗೆ ‘ದೇ’ ಒಳಗಿನ ಒಬ್ಬರು ಮಾತ್ರ ಅಸಹ್ಯವಾಗಿ ಕಂಡದ್ದು ವಿಚಿತ್ರವೇ.

ಕನ್ನಡಕ್ಕೆ ಈ ಇಕ್ಕಟ್ಟೇ ಇಲ್ಲ, ‘ಅವರು’ ಎಂಬ ಪದವಿದೆಯಲ್ಲ ಎಂಬ ಸಮಾಧಾನ ಸಹಜವಾಗಿ ಹುಟ್ಟುತ್ತದೆ. ಆದರೆ ‘ಅವರು’ ಗೌರವದ ಪದ. ಗೌರವ ಅಂತರವನ್ನೂ ತರುತ್ತದೆ. ಯಾವ ತಾಯಿಯೂ ತನ್ನ ಮಗುವಿನ ಬಗ್ಗೆ ನೆರೆಯವರಲ್ಲಿ ಹೇಳುವಾಗ ‘ಅವರು ಊಟ ಮಾಡಿದರು’ ಎನ್ನುವುದಿಲ್ಲ. ಸಲುಗೆ ಇರುವೆಡೆಯಲ್ಲಿ ‘ಅವನು’, ‘ಅವಳು’ಗಳ ಹೊರತು ಉಳಿಯುವುದು ‘ಅದು’. ಹವ್ಯಕ ಕನ್ನಡದಲ್ಲಿ ಹೆಣ್ಣನ್ನು ‘ಅದು’ ಎನ್ನುವುದರಲ್ಲಿ ಯಾವ ಹೀನಾರ್ಥವೂ ಇಲ್ಲ. ಬೇರೆಡೆ ಅದೇ ಪದ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಕಲ್ಲಿನಂತೆ ಬೀಳುತ್ತದೆ.

ಎ. ರೇವತಿಯವರ ಆತ್ಮಕಥನ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ. ಉತ್ತಮ ಪುರುಷದ ಕ್ರಿಯಾಪದಕ್ಕೆ ಕನ್ನಡದಲ್ಲಿ ಲಿಂಗಭೇದವಿಲ್ಲವಾದ್ದರಿಂದ, ಲೋಕ ಹುಡುಗನೆಂದು ಕರೆದ ಬಾಲ್ಯವನ್ನೂ ಹೆಣ್ಣಾಗಿ ಬದುಕಿದ ಮುಂದಿನ ದಿನಗಳನ್ನೂ ಒಂದೇ ‘ನಾನು’ ಹೊತ್ತುಕೊಳ್ಳಬಲ್ಲದು. ಇಕ್ಕಟ್ಟು ಶುರುವಾಗುವುದು ಆ ಕೃತಿಯ ಬಗ್ಗೆ ಬರೆಯಹೊರಟವರಿಗೆ. ‘ಅವರು’ ಎಂದರೆ ಮರ್ಯಾದೆಯೇನೋ ಉಳಿಯುತ್ತದೆ. ಆದರೆ ಹೆಣ್ಣೆಂಬ ಮನ್ನಣೆಗಾಗಿ ಮನೆ, ಊರು, ಪೊಲೀಸರನ್ನು ಎದುರಿಸಿದವರಿಗೆ ‘ಅವಳು’ ಎಂಬ ಸರ್ವನಾಮ ಕೊಡಬಹುದಾದದ್ದನ್ನು ‘ಅವರು’ ಕೊಡಲಾರದು. ಬರೆಯುವವರು ಅವರನ್ನು ಹೆಣ್ಣೆಂದು ಒಪ್ಪಿದ್ದಾರೋ ಇಲ್ಲವೋ ಎಂಬುದೂ ಗೌರವದ ತೆರೆಯ ಹಿಂದೆ ಉಳಿದುಬಿಡುತ್ತದೆ. ಇಂಗ್ಲಿಷಿನ ‘ಶೀ’ಗೆ ಈ ಮರೆಯಿಲ್ಲ. ಹಾಗೆಯೇ ಎರಡನ್ನೂ ಒಲ್ಲದವರಿಗಾಗಿ ‘ದೇ’ ಎಂದು ಬರೆದುದನ್ನು ಕನ್ನಡಕ್ಕೆ ‘ಅವರು’ ಎಂದು ತಂದರೆ, ಓದುಗರು ಅದನ್ನು ಬರಿಯ ಸೌಜನ್ಯವೆಂದುಕೊಂಡು ಮುಂದೆ ಸಾಗುತ್ತಾರೆ.

ಉಳಿಯುವುದು ನಮ್ಮ ಆತ್ಮಾರ್ಥಕ ಸರ್ವನಾಮ. ‘ತಾನು’ ಎಂಬುದಕ್ಕೆ ವಚನವಿದೆ, ಲಿಂಗವಿಲ್ಲ. ‘ಅವರು ತನ್ನನ್ನು ತಾನು ಹೀಗೆ ಕರೆದುಕೊಂಡರು’ ಎಂಬ ವಾಕ್ಯದಲ್ಲಿ ಕ್ರಿಯಾಪದ ಬಹುವಚನದಲ್ಲಿದ್ದರೂ ಒಬ್ಬರು ಒಬ್ಬರಾಗಿಯೇ ಉಳಿಯುತ್ತಾರೆ. ‘ದೆಮ್‌ಸೆಲ್ಫ್’ ಮಾಡುವ ಕೆಲಸವೂ ಇದೇ. ಆಡುಮಾತಿನಲ್ಲಿ ಇಂಥ ವಾಕ್ಯಗಳಿಗೆ ಬರವಿಲ್ಲ. ಅಚ್ಚಿಗೆ ಹೋಗುವ ಮುನ್ನ ಮಾತ್ರ ಅವು ವಚನದೋಷವೆಂದು ‘ತಮ್ಮನ್ನು ತಾವು’ ಎಂದು ತಿದ್ದಲ್ಪಡುತ್ತವೆ, ಯಾರ ಬಗ್ಗೆ ಬರೆಯಲಾಗಿದೆಯೋ ಅವರನ್ನು ಕೇಳದೆಯೇ.