ಬೀಜಶೋಧನೆಯೂ ಬಾಲಶಿಕ್ಷಣವೂ

ಕಂಡುದನ್ನೆಲ್ಲ ಹೆಸರಿಟ್ಟು ಕರೆಯಬೇಕೆಂಬ ಹಂಬಲ ಶಿಶುಸಹಜವಾದುದು. ಶಾಲೆಯ ಹಾದಿಯ ಇಕ್ಕೆಲಗಳಲ್ಲಿ ಬೆಳೆದ ಉತ್ತರಾಣಿ, ತುಂಬೆ, ಎಕ್ಕ, ತಗಚೆಗಳನ್ನು ತೋರಿಸಿ ಮಗು 'ಇದೇನು?' ಎಂದು ಕೇಳಿದಾಗ ಹಿರಿಯರು 'ಅದೊಂದು ಕಳೆ' ಎಂದುಬಿಟ್ಟರೆ ಆ ಹಂಬಲ ಅಲ್ಲಿಯೇ ಬಾಡುತ್ತದೆ. ಬಿತ್ತಿದುದು ಬೆಳೆ, ಉಳಿದುದೆಲ್ಲ ಕಳೆ ಎಂಬುದು ಹೊಲದಲ್ಲಿ ಸಲ್ಲುವ ಮಾತು, ವಿದ್ಯಾಲಯದಲ್ಲಿ ಸಲ್ಲುವುದಲ್ಲ.

ಗಿಡಕ್ಕೆ ಕಾಲಿಲ್ಲ, ಆದರೂ ಅದರ ಸಂತಾನ ಊರೂರು ಸುತ್ತುತ್ತದೆ. ಈ ಸೋಜಿಗವೇ ಎಳೆಯರಿಗೆ ಮೊದಲ ಪಾಠವಾಗಬೇಕು. ಮಳೆಗಾಲ ಕಳೆದು ಕಾಯಿಗಳು ಬಲಿತಾಗ ಹಳೆಯ ಕಂಬಳಿಯ ತುಂಡೊಂದನ್ನು ಬಯಲಿನಲ್ಲಿ ಮಕ್ಕಳಿಂದ ಎಳೆಯಿಸಿದರೆ ಸಾಕು, ಉತ್ತರಾಣಿಯ ಕಾಳುಗಳು ತಮ್ಮ ಮೊನೆಗಳಿಂದ ಅದಕ್ಕೆ ಅಂಟಿಕೊಂಡು ಬರುತ್ತವೆ. ಎಕ್ಕದ ಕಾಯಿ ಬಿರಿದೊಡನೆ ಬೀಜವು ರೇಷ್ಮೆಯಂತಹ ಕುಚ್ಚನ್ನು ಧರಿಸಿ ಗಾಳಿಯನ್ನೇರುತ್ತದೆ. ಕರ್ಣಕುಂಡಲದ ಬಲಿತ ಕಾಯಿ ಬೆರಳು ಸೋಕಿದರೆ ಸಿಡಿಯುತ್ತದೆ. ಆಲದ ಬೀಜಕ್ಕೆ ಹಕ್ಕಿಯೇ ವಾಹನ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬ ಎಂಜಿನಿಯರು 1941ರಲ್ಲಿ ತನ್ನ ನಾಯಿಯ ಮೈಗೆ ಅಂಟಿದ ಇಂತಹುದೇ ಕಾಡುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರ ಕೊಕ್ಕೆಗಳನ್ನು ಕಂಡನು. ಇಂದು ಮಕ್ಕಳ ಬೂಟುಗಳಿಗಿರುವ, ಒತ್ತಿದರೆ ಅಂಟುವ ಪಟ್ಟಿ ಆ ನೋಟದ ಫಲ.

ನೋಟದ ಬಳಿಕ ಪರೀಕ್ಷೆ. ತಗಚೆಯ ಕೆಲವು ಬೀಜಗಳನ್ನು ಒರಟು ಕಲ್ಲಿಗೆ ತುಸು ಉಜ್ಜಿ, ಕೆಲವನ್ನು ಹಾಗೆಯೇ ಇರಿಸಿ, ಎರಡನ್ನೂ ಒದ್ದೆಮಣ್ಣಿನಲ್ಲಿ ಹುದುಗಿಸಬೇಕು. ಸಿಪ್ಪೆ ಸವೆದವು ನೀರುಂಡು ಬೇಗ ಮೊಳೆಯುತ್ತವೆ. ಉಳಿದವುಗಳಲ್ಲಿ ಹೆಚ್ಚಿನವು ತಮ್ಮ ಕಾಲಕ್ಕಾಗಿ ಕಾಯುತ್ತವೆ. ಬೀಜಕ್ಕೂ ತಾಳ್ಮೆಯುಂಟೆಂಬುದನ್ನು ಮಗು ಉಪದೇಶವಿಲ್ಲದೆಯೇ ಅರಿಯುತ್ತದೆ.

ಹೆಸರನ್ನರಿಯುವುದು ಬರಿಯ ವಿನೋದವಲ್ಲ. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿ ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನದ ತೂಕವಾಗಿತ್ತು. ಅಗಿದು ನುಂಗಿದರೆ ಅದೇ ಪ್ರಾಣಾಂತಕ ವಿಷ. ಮುಳ್ಳುಗಾಯಿಯ ಮದಗುಣಿಕೆ ಶಿವಪೂಜೆಗೆ ಸಂದರೂ ಅದರ ಬೀಜ ಬುದ್ಧಿಭ್ರಮಣೆಯನ್ನು ತರುವಂತಹುದು. ಆದುದರಿಂದ ಗುರುತು ತಿಳಿಯದುದನ್ನು ಬಾಯಿಗಿಡಕೂಡದೆಂಬುದೇ ಈ ಪಾಠದ ಪ್ರಥಮ ಸೂತ್ರವಾಗಬೇಕು. ಅವಶ್ಯವಿಲ್ಲದೆ ಕೀಳಬಾರದೆಂಬುದು ಎರಡನೆಯದು.

ಸಸ್ಯಶಾಸ್ತ್ರಜ್ಞ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವ 'ಹಸುರು ಹೊನ್ನು' ಗ್ರಂಥವಾಗಿ, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಶಾಸ್ತ್ರವೂ ನಗೆಯೂ ಒಂದೇ ಹಾದಿಯಲ್ಲಿ ನಡೆಯಬಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಇಂತಹ ಸಂಚಾರದಲ್ಲಿ ತರಗತಿಯ ಪಂಕ್ತಿ ತಲೆಕೆಳಗಾಗುವುದುಂಟು. ಕಾಗುಣಿತದಲ್ಲಿ ತಡವರಿಸುವ ಕುರುಬರ ಮನೆಯ ಹುಡುಗ ಮುಂದೆ ನಡೆಯುತ್ತಾನೆ. ಯಾವ ಸೊಪ್ಪನ್ನು ಆಡು ಮುಟ್ಟದು, ಯಾವ ಬೇರು ಗಾಯಕ್ಕೆ ಮದ್ದೆಂದು ಅಜ್ಜಿ ಹೇಳುವಳೆಂಬುದನ್ನು ಅವನು ಬಲ್ಲ. ಆಗ ಗುರುವು ಶಿಷ್ಯನಾಗಿ ಆಲಿಸಬೇಕು. ಆ ಹೆಸರುಗಳನ್ನು ಹಲಗೆಯ ಮೇಲೆ ಬರೆಯಬೇಕು. ಅಜ್ಜಿಯ ನಾಲಗೆಯಲ್ಲಷ್ಟೇ ಉಳಿದಿರುವ ಸಸ್ಯನಾಮಗಳು ಅವಳೊಡನೆಯೇ ಅಳಿದರೆ ಯಾವ ನಿಘಂಟೂ ಅವನ್ನು ಮರಳಿಸಲಾರದು. ಬೀಜದಂತೆ ನುಡಿಯೂ ಎಳೆಯ ಮಣ್ಣಿನಲ್ಲಿ ಬಿದ್ದರೆ ಮಾತ್ರ ಮೊಳೆಯುತ್ತದೆ.