ಇಂಗ್ಲಿಷಿನಲ್ಲಿ ‘ಅವರು’

ಇಂಗ್ಲಿಷರ ಭಾಷೆಗೆ ಮರ್ಯಾದೆ ತಿಳಿಯದು, ಚಿಕ್ಕವರಿಗೂ ದೊಡ್ಡವರಿಗೂ ಅಲ್ಲಿ ಒಂದೇ ‘ಯೂ’ ಎಂದು ಹಲವರು ಆಕ್ಷೇಪಿಸುವುದುಂಟು. ನಿಜವಾಗಿ ನೋಡಿದರೆ ಆ ಜನ ಬಿಟ್ಟುಕೊಟ್ಟದ್ದು ಮರ್ಯಾದೆಯನ್ನಲ್ಲ, ಸಲಿಗೆಯನ್ನು. ಅವರಲ್ಲಿಯೂ ಹಿಂದೆ ‘ನೀನು’ ಎನ್ನಲು ‘ದೌ’ ಎಂಬ ಸರ್ವನಾಮವಿತ್ತು. ‘ಯೂ’ ಬಹುವಚನಕ್ಕೆ ಸೇರಿದ್ದು. 13ನೆಯ ಶತಮಾನದಿಂದೀಚೆಗೆ ಫ್ರೆಂಚರನ್ನು ನೋಡಿ ದೊಡ್ಡವರೊಬ್ಬರನ್ನೂ ‘ಯೂ’ ಎನ್ನತೊಡಗಿದರು. ಮರ್ಯಾದೆ ಯಾರಿಗೆ ಬೇಡ? 17ನೆಯ ಶತಮಾನ ಮುಗಿಯುವ ವೇಳೆಗೆ ‘ದೌ’ ಶಿಷ್ಟರ ಮಾತಿನಿಂದ ಮರೆಯಾಗಿತ್ತು. ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನೂ ಏಕವಚನದಲ್ಲಿಯೇ ಕರೆದ ಕ್ವೇಕರ್ ಪಂಥದವರು ಅದಕ್ಕಾಗಿ ಏಟು ತಿಂದದ್ದೂ ಉಂಟು. ದೇವರನ್ನು ಮಾತ್ರ ಪ್ರಾರ್ಥನೆಯಲ್ಲಿ ‘ದೌ’ ಎಂದೇ ಕರೆಯುತ್ತ ಬಂದರು. ನಾವೂ ದೇವರನ್ನು ‘ನೀನು’ ಎನ್ನುವವರೇ ಅಲ್ಲವೆ?

ತೊಡಕಿರುವುದು ‘ಹೀ’ ಎಂಬಲ್ಲಿ. ಅದಕ್ಕೆ ‘ಅವನು’ ಎಂದೂ ಅರ್ಥ, ‘ಅವರು’ ಎಂದೂ ಅರ್ಥ. ದೊರೆಗೂ ಅದೇ, ಕೂಲಿಯವನಿಗೂ ಅದೇ.

ನಾಮಪದಕ್ಕೆ ಬದಲಾಗಿ ಬರುವುದೇ ಸರ್ವನಾಮವೆಂದು ಪಾಠಪುಸ್ತಕಗಳು ಹೇಳುತ್ತವೆ. ನನ್ನ ಓರಗೆಯ ಹೆಂಗಸರು ಇದನ್ನು ಒಪ್ಪಲಾರರು. ಗಂಡನ ಹೆಸರನ್ನು ನಾಲಗೆಯ ಮೇಲೆ ತರಬಾರದೆಂಬ ಮನೆಗಳಲ್ಲಿ ಬಾಳಿದ ನಮಗೆ ‘ಅವರು’ ಎಂಬುದೇ ಹೆಸರು. ‘ಅವರು ಬಂದರು’ ಎಂದರೆ ಯಾರೆಂದು ಒಬ್ಬರೂ ಕೇಳುತ್ತಿರಲಿಲ್ಲ.

ಅವರು ತೀರಿಕೊಂಡ ಮರುವರ್ಷ ಮೊಮ್ಮಗಳು ಶಾಲೆಯಲ್ಲಿ ತಾತನನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಳು. ಉದ್ದಕ್ಕೂ ‘ದೇ’ ಎಂದೇ ಬರೆದಿದ್ದಳು. ಉಪಾಧ್ಯಾಯಿನಿಯವರು ಅಷ್ಟನ್ನೂ ಕೆಂಪು ಶಾಯಿಯಲ್ಲಿ ‘ಹೀ’ ಎಂದು ತಿದ್ದಿದ್ದರು.

“ಅಜ್ಜಿ, ತಾತನನ್ನು ‘ಅವನು’ ಅನ್ನಬೇಕಂತೆ!” ಎಂದು ಹುಡುಗಿ ಕಣ್ಣು ತುಂಬಿಕೊಂಡಳು.

“ಅದು ‘ಅವನು’ ಅಲ್ಲಮ್ಮ” ಎಂದು ಬಿಡಿಸಿ ಹೇಳಿದೆ. ಒಬ್ಬರನ್ನೇ ‘ದೇ’ ಎನ್ನುವ ರೂಢಿ ಇಂಗ್ಲಿಷಿನಲ್ಲಿ 14ನೆಯ ಶತಮಾನದಿಂದಲೂ ಇದೆ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ ಅದನ್ನೇ ವರ್ಷದ ಪದವೆಂದು ಆರಿಸಿದರು. ಆದರೆ ಅದು ವ್ಯಕ್ತಿ ಯಾರೆಂದು ತಿಳಿಯದಾಗ, ಇಲ್ಲವೆ ‘ಹೀ’, ‘ಶೀ’ ಎರಡನ್ನೂ ಒಲ್ಲದವರ ವಿಷಯದಲ್ಲಿ ಬರುವ ಮಾತು, ಗೌರವಕ್ಕೆ ಬರುವುದಲ್ಲ.

ಹುಡುಗಿಗೆ ಸಮಾಧಾನವಾಗಲಿಲ್ಲ. ‘ಹೀ’ ಎಂದಿದ್ದ ಕಡೆಯಲ್ಲೆಲ್ಲ ತಾತನ ಹೆಸರನ್ನೇ ಪೂರ್ತಿಯಾಗಿ ಬರೆದು, ನನ್ನ ಮುಂದೆ ಕುಳಿತು ಗಟ್ಟಿಯಾಗಿ ಓದಿದಳು. ಆ ಹೆಸರು ನಮ್ಮ ಮನೆಯೊಳಗೆ ಅಷ್ಟು ಸಲ ಕೇಳಿಬಂದದ್ದು ಅದೇ ಮೊದಲು. ನಾನು ಇನ್ನೊಮ್ಮೆ ಓದೆಂದೆ.